ಬಾಗಿಲು ಹಿಡಿದು ನಿಂತವರು

ಡಾಕ್ಟ್ರಮ್ಮನ ಕೋಣೆಗೆ ಹೋದವರೆಲ್ಲ ಒಂದು ಸಂಗತಿಯನ್ನು ಗಮನಿಸಿಯೇ ಇರುತ್ತಾರೆ. ಗಂಡ ಹೆಂಡತಿ ಇಬ್ಬರೂ ಒಳಗೆ ಬಂದು ಸೋಫಾದ ಮೇಲೆ ಕುಳಿತ ನಂತರವೂ ಅವರು ಬಾಗಿಲು ಮುಚ್ಚುತ್ತಿರಲಿಲ್ಲ. ಹಿಡಿಯ ಮೇಲೆ ಕೈಯಿಟ್ಟು, ಖಾಲಿ ಪ್ಯಾಸೇಜಿನ ಕಡೆ ನೋಡುತ್ತ ಒಂದಷ್ಟು ಹೊತ್ತು ನಿಲ್ಲುತ್ತಿದ್ದರು. ನಿಧಾನವಾಗಿ ನಡೆದು ಬರುವವರಿಗಾಗಿ ನಾವು ಲಿಫ್ಟಿನ ಬಾಗಿಲು ಹಿಡಿದು ನಿಲ್ಲುವುದಿಲ್ಲವೇ, ಹಾಗೆ. ಆಮೇಲೆ ತುಸು ಪಕ್ಕಕ್ಕೆ ಸರಿದು ದಾರಿ ಬಿಟ್ಟು, ಬಾಗಿಲು ಮುಚ್ಚಿ ಬಂದು, “ಹ್ಞೂಂ, ಎಲ್ಲಾರೂ ಬಂದ್ರಲ್ಲ, ಸುರು ಮಾಡೂಣು” ಎನ್ನುತ್ತಿದ್ದರು. ಮೊದಲ ದಿನ ನಾನು ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ.

ಈ ವರ್ಷ ಮಳೆ ಹಿಡಿದ ವಾರ ಅವರು ತೀರಿಕೊಂಡರು. ಹೆಸರು ಹೇಳುವುದಿಲ್ಲ. ಸಯನ್ನಿನ ನಮ್ಮ ಕನ್ನಡದವರಲ್ಲಿ ಅರ್ಧ ಜನ ಅವರ ಬಳಿ ಹೋಗಿ ಬಂದವರು, ಉಳಿದರ್ಧ ಜನ ಹೋದವರನ್ನು ಆಡಿಕೊಂಡವರು. ಹೆಸರು ಬರೆದರೆ ಇಬ್ಬರಿಗೂ ಮುಖ ಎತ್ತಿ ನಡೆಯುವುದು ಕಷ್ಟವಾಗುತ್ತದೆ. ಹೊರಗಿನ ಬೋರ್ಡಿನಲ್ಲಿ ‘ಕಪಲ್ ಥೆರಪಿಸ್ಟ್’ ಎಂದಿತ್ತು. ನಾನು ಡಾಕ್ಟ್ರಮ್ಮ ಎಂದೇ ಕರೆಯುತ್ತಿದ್ದೆ. “ನಾ ಡಾಕ್ಟರ್ ಅಲ್ರೀ, ಗುಳಿಗಿ ಕೊಡೂದಿಲ್ಲ, ಸೂಜಿ ಚುಚ್ಚೂದಿಲ್ಲ” ಎನ್ನುತ್ತಿದ್ದರು. ಸೂಜಿ ಚುಚ್ಚುವುದಿಲ್ಲ ಎನ್ನುವುದು ಮಾತ್ರ ಶುದ್ಧ ಸುಳ್ಳು.

ಧಾರವಾಡದ ಕಡೆಯವರು. ಎತ್ತರದ, ಸಣಕಲು ಹೆಂಗಸು. ಕತ್ತರಿಸಿದ ಬಿಳಿ ಕೂದಲು, ಕಾಟನ್ ಸೀರೆ, ಬರಿಗಾಲು. ಚಪ್ಪಲಿಯನ್ನು ಹೊರಗೆ ಬಿಟ್ಟು ಕೋಣೆಯಲ್ಲಿ ಓಡಾಡುತ್ತಿದ್ದುದರಿಂದ ಅವರು ಎದ್ದು ನಮ್ಮ ಪಕ್ಕಕ್ಕೆ ಬಂದದ್ದೇ ತಿಳಿಯುತ್ತಿರಲಿಲ್ಲ. ಮಾತಾಡುವಾಗ ಕಣ್ಣಿಗೆ ಕಣ್ಣು ಕೊಡುತ್ತಿದ್ದರು, ಕೇಳುವಾಗ ಮಾತ್ರ ನಮ್ಮ ಭುಜದ ಪಕ್ಕಕ್ಕೆ ನೋಡುತ್ತಿದ್ದರು. ಅಲ್ಲಿ ಇನ್ನೊಬ್ಬರು ನಿಂತು ಅದೇ ಕಥೆಯನ್ನು ಬೇರೆ ಥರ ಹೇಳುತ್ತಿದ್ದಾರೇನೋ ಎಂದು ನನಗೆ ಮೈ ಜುಂ ಎನ್ನುತ್ತಿತ್ತು. ಮೇಜಿನ ಡ್ರಾಯರಿನಲ್ಲಿ ಶೇಂಗಾ ಉಂಡೆಯ ಡಬ್ಬಿ. ಅಳುವುದು, ಕೂಗಾಡುವುದು ಎಲ್ಲ ಮುಗಿದ ಮೇಲೆ ಇಬ್ಬರ ಕೈಗೂ ಒಂದೊಂದು ಉಂಡೆ ಇಡುತ್ತಿದ್ದರು. “ತಿನ್ರಿ. ಜಗಳಾಡಿದ್ರ ಹಸಿವಾಗತದ.” ಎಷ್ಟು ಓದಿದ್ದರೂ ಹಸಿವೆಯ ವಿಷಯದಲ್ಲಿ ಅವರು ನಮ್ಮ ಹೋಟೆಲಿನವರ ಹಾಗೇ.

ಹೌದು, ನಾವು ಹೋಟೆಲಿನವರು. ಸಯನ್ ಸ್ಟೇಷನ್ನಿನ ಹತ್ತಿರ ನಮ್ಮದೊಂದು ಚಿಕ್ಕ ಉಡುಪಿ ಹೋಟೆಲ್. ನಮ್ಮ ಯಜಮಾನರು ದುಡ್ಡಿನ ಗಲ್ಲೆಯಲ್ಲಿ ಕುಳಿತರೆ ಗಲ್ಲೆಯ ಮೇಲಿನ ಗಣಪತಿಗೂ ಅವರಿಗೂ ವ್ಯತ್ಯಾಸ ಕಾಣುವುದಿಲ್ಲ. ಗಣಪತಿಯಾದರೂ ಹೂವು ಬಿದ್ದರೆ ವರ ಕೊಟ್ಟ ಎನ್ನಬಹುದು, ಇವರು ಅದೂ ಇಲ್ಲ. ನಾನೋ, ನೀವೇ ನೋಡುತ್ತಿದ್ದೀರಲ್ಲ, ಬಾಯಿಗೆ ಬೀಗ ಹಾಕಿ ಗೊತ್ತಿಲ್ಲದವಳು. ಇಂಥ ಮೌನಿ ಮನುಷ್ಯ, ಡಾಕ್ಟ್ರಮ್ಮನ ಬಳಿ ಹೋಗುವ ಮುಂಚಿನ ಒಂದು ವರ್ಷ, ಮಧ್ಯಾಹ್ನ ಊಟದ ಗಲಾಟೆ ಮುಗಿದ ಕೂಡಲೇ ಮುಖ ತೊಳೆದು, ಅಂಗಿ ಬದಲಿಸಿ, ಒಂದು ಮೊಳ ಮಲ್ಲಿಗೆ ತೆಗೆದುಕೊಂಡು ಬಾಂದ್ರಾದ ಬಸ್ಸು ಹತ್ತುತ್ತಿದ್ದರು. ಆ ಮಲ್ಲಿಗೆ ಒಂದು ದಿನವೂ ಮನೆಗೆ ಬಂದದ್ದಿಲ್ಲ. ಸಂಜೆ ಬಂದಾಗ ಮುಖದಲ್ಲೊಂದು ನಗೆಯ ಅಂಚು ಉಳಿದಿರುತ್ತಿತ್ತು, ನನ್ನನ್ನು ನೋಡಿದೊಡನೆ ಅದೂ ಮಾಯ. ಯಾವ ಹೆಂಡತಿ ಸುಮ್ಮನಿರುತ್ತಾಳೆ ಹೇಳಿ?

ನನ್ನ ಅಕ್ಕನ ಮಗಳು ಬಾಂದ್ರಾದಲ್ಲೇ ಕೆಲಸ ಮಾಡುವವಳು. ಅವಳೇ ಒಂದು ದಿನ ಕಣ್ಣಾರೆ ಕಂಡು ಬಂದಳು. “ಚಿಕ್ಕಮ್ಮ, ಅಂಕಲ್ ಒಂದು ಆಫೀಸ್ ಗೇಟ್ ಹತ್ರ ನಿಂತಿದ್ರು. ಯಾರಿಗೋ ಹೀಗೆ ಟಾಟಾ ಮಾಡ್ತಿದ್ರು. ಮಸ್ತ್ ಖುಷ್ ಇದ್ರು. ಯಾರಿಗೆ ಅಂತ ನಂಗೆ ಕಾಣ್ಲೇ ಇಲ್ಲ, ದಿಖಾಯಿ ಹೀ ನಹೀ ದಿಯಾ.” ನಾನು ಆ ಸಂಜೆಯೇ ರಂಪ ಮಾಡಿದೆ. ಕುಂಬಳಕಾಯಿ ಕಳ್ಳ ಅಂದರೆ ಇವರು ಹೆಗಲನ್ನೂ ಮುಟ್ಟಿಕೊಳ್ಳಲಿಲ್ಲ, ಎದ್ದು ಬಾಲ್ಕನಿಗೆ ಹೋಗಿ ನಿಂತರು. ಕೊನೆಗೆ ಆ ಹುಡುಗಿಯೇ ಡಾಕ್ಟ್ರಮ್ಮನ ವಿಳಾಸ ಕೊಟ್ಟಳು. “ಪ್ಲೀಸ್ ನಾ ಚಿಕ್ಕಮ್ಮ, ಒಮ್ಮೆ ಮಿಲ್ ಲೋ. ಅದು ಹುಚ್ಚರ ಡಾಕ್ಟರ್ ಅಲ್ಲ.” ಇವರು ಬರಲಾರರು ಎಂದುಕೊಂಡಿದ್ದೆ. “ಹೋಗುವ” ಎಂದರು, ಅಷ್ಟೆ.

ಮೊದಲ ದಿನ ನಾನು ನನ್ನ ಪುರಾಣವನ್ನೆಲ್ಲ ಬಿಚ್ಚಿದೆ. ಮಲ್ಲಿಗೆ, ಬಾಂದ್ರಾ, ಟಾಟಾ. ಡಾಕ್ಟ್ರಮ್ಮ ತಡೆಯದೆ ಕೇಳಿದರು. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ, ಸೋಫಾದ ಮೇಲೆ ನಮ್ಮಿಬ್ಬರ ನಡುವೆ ಬೆರಳು ತೋರಿಸಿ, “ಈ ಜಾಗಾ ಯಾರಿಗೆ ಬಿಟ್ಟೀರಿ?” ಎಂದರು. ನೋಡಿದರೆ ನಾನು ಒಂದು ತುದಿ, ಇವರು ಇನ್ನೊಂದು ತುದಿ. ನಡುವೆ ಅಷ್ಟಗಲವಲ್ಲ, ಸಣ್ಣದೊಂದು ಜಾಗ. ಒಂದು ಮಗು ಕುಳಿತುಕೊಳ್ಳುವಷ್ಟು. ನಾನು ಅವಸರದಿಂದ ಇವರ ಕಡೆಗೆ ಸರಿದೆ. ಇವರು, ದೇವರಾಣೆ, ಏನನ್ನೋ ತುಳಿದುಬಿಟ್ಟಾಳು ಎನ್ನುವ ಹಾಗೆ ಕೈ ಅಡ್ಡ ಹಿಡಿದರು.

ನಮಗೆ ಒಂದು ಮಗಳಿದ್ದಳು. ನಾಲ್ಕು ವರ್ಷ ತುಂಬಿದಾಗ ಜ್ವರ ಬಂದು ಹೋದಳು. ಇಪ್ಪತ್ತಮೂರು ವರ್ಷದ ಹಿಂದಿನ ಮಾತು. ಆಮೇಲೆ ಮಕ್ಕಳಾಗಲಿಲ್ಲ. ಅವಳ ಹೆಸರನ್ನು ನಾನು ಎತ್ತಿದಾಗಲೆಲ್ಲ ಇವರು ಎದ್ದು ಹೋಗುತ್ತಿದ್ದರು. ಈ ಮನುಷ್ಯ ಮಗುವನ್ನು ಮರೆತೇಬಿಟ್ಟ ಎಂಬ ಸಿಟ್ಟು ನನ್ನ ಹೊಟ್ಟೆಯಲ್ಲಿ ಬೂದಿ ಮುಚ್ಚಿದ ಕೆಂಡದ ಹಾಗೆ ಇತ್ತು. ಆ ದಿನ ಡಾಕ್ಟ್ರಮ್ಮನಿಗೆ ನಾವು ಇದಾವುದನ್ನೂ ಹೇಳಲಿಲ್ಲ. ಅವರೂ ಕೆದಕಲಿಲ್ಲ. ಕೈಗೆ ಉಂಡೆ ಕೊಟ್ಟು ಕಳಿಸಿದರು.

ಅವರ ಮಾತುಗಳು ಹೀಗಿರುತ್ತಿದ್ದವು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ನಾನೊಮ್ಮೆ ದೊಡ್ಡಸ್ತಿಕೆಯಿಂದ ಹೇಳಿದ್ದಕ್ಕೆ, “ಹೌದ್ರೀ, ಆದ್ರ ಜಗಳಾನೂ ನಿಮ್ಮ ಜೋಡಿ ಮಲಗತದಲ್ಲ. ಬೆಳಿಗ್ಗೆ ನಿಮಗಿಂತ ಮೊದಲ ಎದ್ದು ಕುಂತಿರತದ” ಎಂದರು. ನಾನು ಯಾಕೆ ಇಷ್ಟು ಬೈಯುತ್ತೇನೆ ಎಂದು ಇವರು ಕೇಳಿದ ದಿನ, “ಬೈಯೂದು ಅಂದ್ರ ಬಾಗಿಲಾ ಬಡಿಯೂದ್ರೀ. ಒಳಗ ಯಾರರ ಇದ್ದಾರೋ ಇಲ್ಲೋ ಅಂತ” ಎಂದರು. ಹಾಗಾದರೆ ಇವರು ಯಾಕೆ ತೆಗೆಯುವುದಿಲ್ಲ ಎಂದು ನಾನು ಕೇಳಿದೆ. ಡಾಕ್ಟ್ರಮ್ಮ ದನಿ ತಗ್ಗಿಸಿದರು. “ಒಳಗ ಇದ್ದಾರ್ರೀ. ಚಿಲಕ ಹಾಕ್ಕೊಂಡು, ಉಸಿರು ಬಿಗಿ ಹಿಡದು ಕುಂತಾರ. ಒಬ್ಬರೇ ಇಲ್ಲ ಅನಸ್ತದ.” ಇನ್ನೊಂದು ಚಾಳಿ, ಮಾತಿನ ನಡುವೆ ಅಂಗೈ ಅಡ್ಡ ಹಿಡಿದು, “ತಡೀರಿ. ಇದು ಮೈಯಾಗ ಎಲ್ಲಿ ಅದ?” ಎಂದು ಕೇಳುವುದು. ಮೊದಲ ಸಲ ನಾನು “ಮಂಡಿಯಲ್ಲಿ” ಎಂದೆ. ಅವರು ನಗಲಿಲ್ಲ. “ಹೌದಾ? ಎಂದಿನಿಂದ ಮಂಡಿ ಊರಿ ಕುಂತೀರಿ?” ಎಂದರು. ಮಗುವಿನ ಬಳಿ ಮಂಡಿಯೂರಿ ಕುಳಿತ ಆಸ್ಪತ್ರೆಯ ನೆಲ ನನಗೆ ನೆನಪಾಯಿತು.

ಒಂದೇ ಒಂದು ಸಲ ಅವರು ನಮ್ಮ ಹೋಟೆಲಿಗೆ ಬಂದಿದ್ದರು. ಒಬ್ಬರೇ. ಬೈ-ಟು ಕಾಫಿ ಹೇಳಿ, ಒಂದು ಲೋಟ ತಾವು ಕುಡಿದು, ಇನ್ನೊಂದನ್ನು ಎದುರಿನ ಕುರ್ಚಿಯ ಕಡೆಗೆ ಸರಿಸಿಟ್ಟು ಅದು ಆರುವ ತನಕ ಕುಳಿತಿದ್ದರು. ಒಬ್ಬರಿಗೆ ಬೈ-ಟು ಯಾಕೆ ಎಂದು ನಾನು ಬಿಡದೆ ಕೇಳಿದೆ. “ನನಗ ಅರ್ಧಾನ ಸಾಕ್ರೀ” ಎಂದರು. ಉಳಿದರ್ಧ ಯಾರಿಗೆ ಎಂದು ಕೇಳುವ ಧೈರ್ಯ ನನ್ನಂಥವಳಿಗೂ ಬರಲಿಲ್ಲ. ಅವರ ಮನೆ, ಮಠ, ಗಂಡ, ಮಕ್ಕಳು ಯಾವುದೂ ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ಈಗ ಆ ದಿನದ ವಿಷಯಕ್ಕೆ ಬರುತ್ತೇನೆ. ಅವರಿಗೊಂದು ಕೆಲಸದ ಕ್ರಮವಿತ್ತು. ಮಾತು ಹೊರಡದೆ ಕುಳಿತವರ ಪಕ್ಕಕ್ಕೆ ತಮ್ಮ ಸ್ಟೂಲನ್ನು ಎಳೆದುಕೊಂಡು, “ನಾ ನಿಮ್ಮ ಬಾಯಿ ಆಗ್ತೀನಿ. ತಪ್ಪಿದ್ರ ಇಲ್ಲ ಅನ್ರಿ” ಎಂದು ಕಣ್ಣು ಮುಚ್ಚಿ, ಅವರಾಗಿ ಮಾತಾಡುವುದು. ‘ನಾನು’ ಎಂದೇ ಶುರುಮಾಡುವುದು. ನನ್ನ ಬಾಯಾಗಿ ಒಂದು ಸಲ ಆಡಿದ್ದರು. “ನಾನು ಬೈತೀನಿ. ಯಾಕಂದ್ರ ಬೈದಾಗ ಮಾತ್ರ ಇವರು ನನ್ನ ಕಡೆ ನೋಡ್ತಾರ. ಸುಮ್ಮನಾದ್ರ ನಾನು ಈ ಮನಿಯೊಳಗ ಇಲ್ಲವೇ ಇಲ್ಲ.” ಅಷ್ಟಕ್ಕೇ ನಾನು ಗಳಗಳ ಅತ್ತಿದ್ದೆ. ನನ್ನೊಳಗಿನದನ್ನು ನಾನೇ ಅಷ್ಟು ಸರಿಯಾಗಿ ಹೇಳಿರಲಿಲ್ಲ.

ಆ ದಿನ ಸರದಿ ಇವರದು. ಮಳೆಗಾಲ ಮುಗಿದ ಸೆಕೆ, ಕಿಟಕಿ ಮುಚ್ಚಿದ್ದರೂ ಕೆಳಗೆ ಲೋಕಲ್ ಟ್ರೈನು ಹಾದುಹೋಗುವ ಸದ್ದು. ಡಾಕ್ಟ್ರಮ್ಮ ಇವರ ಪಕ್ಕ ಕುಳಿತು ಕಣ್ಣು ಮುಚ್ಚಿದರು. “ನಾನು ಮಾತಾಡೂದಿಲ್ಲ. ಮಾತಾಡಿದ್ರ ಅದು ಹೊರಗ ಬಂದುಬಿಡತದ. ಹೊರಗ ಬಂದ್ರ ನನ್ನ ಕೈಯಾಗ ಉಳಿಯೂದಿಲ್ಲ.” ಇವರು ಅಲ್ಲಗಳೆಯಲಿಲ್ಲ. ಆಮೇಲೆ ಡಾಕ್ಟ್ರಮ್ಮನ ಬಾಯಿ ಮತ್ತೆ ತೆರೆಯಿತು. ದನಿ ತೆಳ್ಳಗಿತ್ತು. ಧಾರವಾಡ ಅದರಲ್ಲಿ ಒಂದು ಚೂರೂ ಇರಲಿಲ್ಲ.

“ಪಪ್ಪಾ, ಕಾಲು ತಣ್ಣಗೆ ಆಗ್ತದೆ. ಉಜ್ಜಿ ಕೊಡಿ.”

ನಮ್ಮ ಊರ ಕಡೆಯ ಕನ್ನಡ, ನಮ್ಮ ಮನೆಯಲ್ಲಿ ಮಗು ಆಡುತ್ತಿದ್ದ ಕನ್ನಡ. ಡಾಕ್ಟ್ರಮ್ಮ ಕಣ್ಣು ಬಿಟ್ಟು ನಮ್ಮಿಬ್ಬರನ್ನೂ ನೋಡಿದರು. ಹಣೆಯಲ್ಲಿ ಬೆವರು. “ಏನಂದೆ ನಾ?” ಎಂದರು.

ಇವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದರು. ಬೆರಳ ಸಂದಿನಿಂದಲೇ ಹೇಳಿದರು. ಆಸ್ಪತ್ರೆಯ ಕೊನೆಯ ಬೆಳಿಗ್ಗೆ ನಾನು ಬಟ್ಟೆ ತರಲು ಮನೆಗೆ ಬಂದಿದ್ದಾಗ ಮಗು ಇವರೊಬ್ಬರಿಗೇ ಹೇಳಿದ ಮಾತಂತೆ ಅದು. ಇವರು ಕಾಲು ಉಜ್ಜುತ್ತ ಕುಳಿತಿದ್ದರಂತೆ, ಉಜ್ಜುತ್ತಿದ್ದ ಹಾಗೇ ಹೋಗಿಬಿಟ್ಟಳಂತೆ. ನನಗೂ ಗೊತ್ತಿಲ್ಲದ ಮಾತು. “ಅವಳು ಹೋಗ್ಲಿಲ್ಲ” ಎಂದರು ಇವರು. “ನನ್ನೊಟ್ಟಿಗೇ ಇದ್ದಾಳೆ. ಶಾಲೆಗೆ ಹೋದಳು, ಕಾಲೇಜಿಗೆ ಹೋದಳು. ಈಗ ಬಾಂದ್ರಾದಲ್ಲಿ ಕೆಲಸ. ಮಧ್ಯಾಹ್ನದ ಶಿಫ್ಟ್. ಬಸ್ಸಲ್ಲಿ ಕಿಟಕಿ ಬದಿ ಅವಳಿಗೇ ಬೇಕು. ಗೇಟಿನವರೆಗೆ ಬಿಟ್ಟು ಬರ್ತೇನೆ.”

ನನ್ನ ಬಾಯಿಂದ ಹೊರಟ ಮೊದಲ ಮಾತು ನೋಡಿ: “ಎಂತ ಕೆಲಸ?”

“ಕಂಪ್ಯೂಟರಿಂದು” ಎಂದರು. “ನನಗೆ ಸರಿಯಾಗಿ ಅರ್ಥ ಆಗುದಿಲ್ಲ.”

ಅಳಬೇಕಿತ್ತು, ಹೆದರಬೇಕಿತ್ತು. ನನಗೆ ಬಂದದ್ದು ಹೊಟ್ಟೆಕಿಚ್ಚು. ಬೇರೆ ಹೆಂಗಸಾಗಿದ್ದರೆ ಜುಟ್ಟು ಹಿಡಿದು ಕೇಳಬಹುದಿತ್ತು. ಇವರು ನನ್ನದೇ ಮಗಳನ್ನು ನನ್ನಿಂದ ಮುಚ್ಚಿಟ್ಟು ಸಾಕಿದ್ದರು! ನನ್ನ ಬಳಿ ಇದ್ದದ್ದು ನಾಲ್ಕು ವರ್ಷದ ಒಂದು ಹೆಣ ಮಾತ್ರ. ಇವರ ಬಳಿ ಅವಳು ಬೆಳೆದಳು, ಓದಿದಳು, ಮಲ್ಲಿಗೆ ಮುಡಿದಳು. ಹೆತ್ತವಳು ನಾನು. ಒಂದು ದಿನಕ್ಕೂ ನನ್ನ ಬಳಿ ಯಾಕೆ ಬರಲಿಲ್ಲ? ಅದನ್ನೇ ಆ ಕೋಣೆಯಲ್ಲಿ ಗಂಟಲು ಹರಿಯುವ ಹಾಗೆ ಕೂಗಿದೆ. “ನೀನು ಅವಳ ಬಗ್ಗೆ ಮಾತಾಡಿದ್ರೆ ಅವಳು ಸತ್ತುಹೋಗ್ತಾಳೆ” ಎಂದರು ಇವರು. “ನೀನು ಯಾವಾಗ್ಲೂ ಅವಳು ಸತ್ತದ್ದನ್ನೇ ಹೇಳುದು.”

ನಾನು ಡಾಕ್ಟ್ರಮ್ಮನ ಕಡೆ ತಿರುಗಿ, “ಇದು ಹುಚ್ಚಲ್ವಾ? ಹೇಳಿ” ಎಂದೆ. ಅವರು ನಮ್ಮಿಬ್ಬರ ನಡುವಿನ ಆ ಜಾಗವನ್ನೇ ನೋಡುತ್ತಿದ್ದರು. “ಮಗಳನ್ನ ಸಾಕ್ಯಾರ್ರೀ” ಎಂದರು. “ಒಬ್ಬರೇ ಸಾಕ್ಯಾರ, ಅದೇ ತಾಪತ್ರಯ. ಆಕಿ ಇಬ್ಬರ ಮಗಳು.” ಆಮೇಲೆ ಇವರನ್ನು ಒಬ್ಬ ದೊಡ್ಡ ಡಾಕ್ಟರ ಬಳಿಗೂ ಕಳಿಸಿದರು. ತಲೆಯಲ್ಲಿ ದೋಷವೇನೂ ಇಲ್ಲವೆಂದು ಅವರು ಹೇಳಿದರು. ಆದರೆ ಡಾಕ್ಟ್ರಮ್ಮ ಮತ್ತೆಂದೂ ಇವರ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕುಳಿತು ಕಣ್ಣು ಮುಚ್ಚಲಿಲ್ಲ. ಆ ಮಾತು ಹೇಗೆ ಗೊತ್ತಾಯಿತು ಎಂದು ನಾನೊಮ್ಮೆ ಕೇಳಿದೆ. “ಮಕ್ಕಳ ಕಾಲು ತಣ್ಣಗ ಇರೂದೇ ಅಲ್ರೀ” ಎಂದು ತೇಲಿಸಿದರು. ಉಂಡೆಗೆಂದು ಡ್ರಾಯರು ತೆರೆದವರು ಅದನ್ನು ಬರಿಗೈಯಲ್ಲೇ ಮುಚ್ಚಿದರು.

ಇಷ್ಟರಲ್ಲಿ ಊರಿಂದ ಮೈದುನನ ಫೋನು. ನಮ್ಮ ತುಳುವರಲ್ಲಿ ಒಂದು ಪದ್ಧತಿ ಉಂಟು, ಕುಲೆ ಮದುವೆ ಎಂದು. ಕುಲೆ ಎಂದರೆ ತೀರಿಕೊಂಡವರ ಪ್ರೇತ. ಮದುವೆಯಾಗದೆ ಸತ್ತವರಿಗೂ ಅಲ್ಲಿ ವಯಸ್ಸು ಏರುತ್ತದೆ, ಪ್ರಾಯಕ್ಕೆ ಬಂದಾಗ ಅಂಥದ್ದೇ ಇನ್ನೊಂದು ಮನೆಯ, ಚಿಕ್ಕಂದಿನಲ್ಲೇ ಹೋದ ಹುಡುಗನನ್ನು ನೋಡಿ ಮದುವೆ ಮಾಡಬೇಕು. ವಿಕ್ರೋಳಿಯಲ್ಲೊಂದು ಮನೆಯಿದೆ, ನಮ್ಮವರೇ, ಅವರ ಗಂಡುಮಗು ತೊಟ್ಟಿಲಲ್ಲೇ ಹೋಗಿತ್ತು, ಬದುಕಿದ್ದರೆ ಈಗ ಮೂವತ್ತರ ಹತ್ತಿರ, ಜಾತಕವೂ ಕೂಡಿಬಂದಿದೆ ಎಂದ ಮೈದುನ. ನಾನು ಕುಣಿದಾಡಿದೆ. ಮಗಳ ಮದುವೆಯನ್ನು ನೋಡುವ ಆಸೆ ಯಾವ ತಾಯಿಗಿಲ್ಲ? ಇನ್ನೂ ಒಂದಿತ್ತು, ಹೇಳಿಬಿಡುತ್ತೇನೆ: ಇವರೊಬ್ಬರ ಕೈಯಿಂದ ಅವಳು ಬಿಡಿಸಿಕೊಂಡು ಹೊರಗೆ ಬರಲಿ ಎಂಬ ಹಟ. ಇವರು ಫೋನನ್ನು ಕೆಳಗಿಟ್ಟು, “ಆಗುದಿಲ್ಲ” ಎಂದರು. ಮೂವತ್ತು ವರ್ಷದ ಸಂಸಾರದಲ್ಲಿ ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅಂದಿನಿಂದ ಹೋಟೆಲಿನ ಬೆಂಚಿನ ಮೇಲೆಯೇ ಮಲಗಿದರು. ನಾನು ಅಕ್ಕನ ಮನೆಗೆ ಹೊರಟು ಬ್ಯಾಗು ತುಂಬಿದ್ದೆ.

ಡಾಕ್ಟ್ರಮ್ಮನಿಗೆ ಹೇಳುವಾಗ ನನಗೆ ಸಂಕೋಚ. ಓದಿದವರು, ಮೂಢನಂಬಿಕೆ ಎಂದುಬಿಟ್ಟರೆ? ಅವರು ಮುಂದಕ್ಕೆ ಬಾಗಿ, ಮಕ್ಕಳ ಹಾಗೆ ಒಂದೊಂದೇ ಕೇಳಿದರು. ಮದಲಗಿತ್ತಿ ಎಲ್ಲಿ ಕುಂದರ್ತಾಳ? ಯಾರು ಧಾರಿ ಎರೀತಾರ? ಹುಡುಗಿ ಒಪ್ಪಿದಾಳ ಅಂತ ಹೆಂಗ ತಿಳೀತದ? ಆಮೇಲೆ ಇವರ ಕಡೆ ತಿರುಗಿದರು.

“ಯಾಕ್ ಬ್ಯಾಡ್ರೀ?”

ಇವರು ಬಹಳ ಹೊತ್ತು ಅಂಗೈ ನೋಡಿಕೊಂಡರು. “ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ” ಎಂದರು. “ಧಾರೆ ಎರೆದ್ರೆ ಆಯ್ತು. ಅವಳು ಆ ಮನೆಯವಳು. ಮತ್ತೆ ಬಸ್ಸಲ್ಲಿ ನನ್ನ ಹತ್ತಿರ ಯಾರು ಕೂತುಕೊಳ್ತಾರೆ?”

ಆ ಮಾತಿಗೆ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಇಷ್ಟು ವರ್ಷ ಈ ಮನುಷ್ಯನ ಪಕ್ಕದಲ್ಲಿ ಕುಳಿತುಕೊಳ್ಳಲು ನಾನೊಬ್ಬಳಿದ್ದೆನಲ್ಲ ಎನ್ನಬೇಕೆನಿಸಿತು. ಕೆಳಗೆ ಒಂದು ಲೋಕಲ್ ಬಂದು, ನಿಂತು, ಹೋಯಿತು.

“ನಮ್ಮ ಕಡೆ ಪಂಚಮಿ ಹಬ್ಬಕ್ಕ ಹೆಣ್ಣುಮಕ್ಕಳು ತವರಿಗೆ ಬರ್ತಾರ್ರೀ” ಎಂದರು ಡಾಕ್ಟ್ರಮ್ಮ. “ತವರಿನವರು ಹೋಗಿ ಕರಕೊಂಡು ಬರೂದು. ನಿಮ್ಮ ಕಡೆ ಬರೂದಿಲ್ಲೇನು?”

ಇವರು ತಲೆಯೆತ್ತಿದರು. “ಬರ್ತಾರೆ. ಆಟಿಯಲ್ಲಿ.” ಆಟಿ ಎಂದರೆ ನಮ್ಮ ಆಷಾಢದ ತಿಂಗಳು. ಹೊಸದಾಗಿ ಮದುವೆಯಾದ ಹುಡುಗಿ ಆಗ ತಾಯಿಮನೆಗೆ ಬಂದು ಇರುತ್ತಾಳೆ. ‘ಆಟಿ ಕುಳಿತುಕೊಳ್ಳುವುದು’ ಎನ್ನುತ್ತೇವೆ.

“ಹಂಗಾದ್ರ ಹೊರಗ ಹೆಂಗ ಆದ್ಲು? ಕಳಿಸಿದವರು ಕರಿಯಾಕೂ ಬೇಕಲ್ರೀ. ತಾಯಿ ಮನಿ ಅಂತಾರ, ಅಪ್ಪನ ಬಸ್ಸು ಅನ್ನೂದಿಲ್ಲ.” ಕೊನೆಯ ಮಾತನ್ನು ನನ್ನ ಕಡೆ ನೋಡುತ್ತ ಹೇಳಿದರು. ಆ ದಿನ ಇವರು ಉಂಡೆಯನ್ನು ಮುರಿದು ಅರ್ಧ ನನ್ನ ಕೈಯಲ್ಲಿಟ್ಟರು. ಇನ್ನರ್ಧವನ್ನು ತಾವು ತಿನ್ನದೆ ರುಮಾಲಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು. ಯಾರಿಗೆ ಎಂದು ನಾನು ಕೇಳಲಿಲ್ಲ.

ಬದುಕಿದವರ ಮದುವೆ ನಡೆಯದ ಆಟಿಯಲ್ಲೇ ಇಂಥ ಮದುವೆ. ಹೋದ ವರ್ಷದ ಆಟಿಯ ಒಂದು ಭಾನುವಾರ, ವಿಕ್ರೋಳಿಯ ಅವರ ಫ್ಲ್ಯಾಟಿನಲ್ಲಿ ನಡೆಯಿತು. ಹಾಲಿನಲ್ಲಿ ಎರಡು ಮಣೆ. ಒಂದರ ಮೇಲೆ ಪಂಚೆ ಶಾಲು, ಇನ್ನೊಂದರ ಮೇಲೆ ನಾನು ಆರಿಸಿದ ಕೆಂಪು ಸೀರೆ, ಬಳೆ, ಕುಂಕುಮ, ಮಲ್ಲಿಗೆ. ಪಕ್ಕದ ಮನೆಯ ಟಿವಿಯಲ್ಲಿ ಕ್ರಿಕೆಟ್ ಓಡುತ್ತಿತ್ತು. ಡಾಕ್ಟ್ರಮ್ಮ ಇಳಕಲ್ ಸೀರೆಯುಟ್ಟು ಬಂದಿದ್ದರು. ಬೀಗಿತ್ತಿ ‘ನೀವು ಯಾರು’ ಎಂದು ಕೇಳಿದರೆ, “ಹುಡುಗಿ ಕಡೆಯವಳ್ರೀ” ಎಂದರು. ಧಾರೆಯ ನೀರು ಬಿಡುವಾಗ ಇವರ ಕೈ ಬಿಗಿದುಕೊಂಡಿತು, ಬೆರಳು ಬಿಚ್ಚಲೇ ಇಲ್ಲ. ನಾನು ಕೆಳಗಿನಿಂದ ಕೈ ಕೊಟ್ಟೆ. ಇಬ್ಬರ ಕೈ ಮೇಲಿಂದ ನೀರು ಇಳಿಯಿತು. ಆ ಹೊತ್ತಿಗೆ ಮಣೆಯ ಮೇಲಿನ ಬಳೆಗಳು ಸದ್ದು ಮಾಡಿದವು. ಫ್ಯಾನು ಜೋರಾಗಿತ್ತು ಎಂದು ಮೈದುನ ಅಂದ. ಇದ್ದರೂ ಇರಬಹುದು.

ಊಟಕ್ಕೆ ಮದುಮಕ್ಕಳಿಗೂ ಎರಡು ಎಲೆ. ಬಡಿಸಿ ಮುಗಿಸಿ ನಾವು ಆಚೆ ಕೋಣೆಗೆ ಹೋಗಬೇಕು, ಅವರು ಉಣ್ಣುವಾಗ ಯಾರೂ ನೋಡಬಾರದು. ಎಲ್ಲರೂ ಹೋದ ಮೇಲೂ ಡಾಕ್ಟ್ರಮ್ಮ ಹೊಸ್ತಿಲಲ್ಲಿ ನಿಂತೇ ಇದ್ದರು. ನಾನು ಸೆರಗು ಎಳೆದೆ. ಒಳಗೆ ಬಂದವರ ಮುಖ ಸುಣ್ಣದ ಹಾಗಿತ್ತು. “ಎಂತ ಕಂಡದ್ದು?” ಎಂದು ಕೇಳಿದೆ. “ಏನೂ ಕಾಣಲಿಲ್ರೀ” ಎಂದರು. ಸ್ವಲ್ಪ ಹೊತ್ತಿನ ನಂತರ ನನ್ನ ಕಿವಿಯ ಬಳಿ, “ಆಕಿ ನಿಮ್ಮಂಗ ಇದ್ದಾಳ” ಎಂದರು.

ಆ ಮಾತನ್ನು ನಾನು ವರ್ಷವಿಡೀ ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದೆ. ನನಗೆ ಕಾಣದವಳು ಊರಿಗೆಲ್ಲ ಕಾಣುತ್ತ ಬಂದಳಲ್ಲ! ಇತ್ತ ಇವರು ಬಾಂದ್ರಾದ ಬಸ್ಸು ಹತ್ತುವುದನ್ನು ಬಿಟ್ಟರು. ಒಮ್ಮೆ ಹೋಗಿ ನೋಡಿದರಂತೆ, ಕಿಟಕಿಯ ಸೀಟು ಬರೀ ಸೀಟಾಗಿತ್ತಂತೆ. ಮಧ್ಯಾಹ್ನ ಮನೆಗೆ ಬರತೊಡಗಿದರು. ಮೊದಲು ಸುಮ್ಮನೆ ಕೂರುತ್ತಿದ್ದರು, ಮೆಲ್ಲಮೆಲ್ಲನೆ ಅವಳ ಕಥೆ ಹೇಳತೊಡಗಿದರು. ಗಣಿತದಲ್ಲಿ ಹಿಂದೆ, ಹಾಗಲಕಾಯಿ ಇಷ್ಟ, ಸಿಟ್ಟು ಬಂದರೆ ನಿನ್ನ ಹಾಗೆಯೇ. ನಾನು ಕೇಳಿದೆ. ಅಷ್ಟು ವರ್ಷಗಳಲ್ಲಿ ನಾನು ಬೇರೊಬ್ಬರ ಮಾತನ್ನು ನಡುವೆ ಬಾಯಿ ಹಾಕದೆ ಕೇಳಿದ್ದು ಅದೇ ಮೊದಲು. ಕೊನೆಯ ಸಲ ಹೋದಾಗ ಡಾಕ್ಟ್ರಮ್ಮ, “ಇನ್ನ ಬರೂದು ಬ್ಯಾಡ. ಆಟಿ ಆದ ಮ್ಯಾಲೆ ಒಮ್ಮೆ ಬಂದು, ಬಂದಳೋ ಇಲ್ಲೋ ಹೇಳಿ ಹೋಗ್ರಿ” ಎಂದರು. ಬೀಳ್ಕೊಡುವಾಗ ನನ್ನ ಗಲ್ಲ ಮುಟ್ಟಿದರು. ಬೆರಳು ತಣ್ಣಗಿತ್ತು.

ಮಳೆ ಹಿಡಿದ ವಾರ ಅಕ್ಕನ ಮಗಳು ಸುದ್ದಿ ತಂದಳು. ನಿದ್ದೆಯಲ್ಲೇ ಹೋದರಂತೆ. ನಾವು ಓಡಿ ಹೋದೆವು. ಆ ಬಿಲ್ಡಿಂಗಿನ ಮೆಟ್ಟಿಲುಗಳ ಮೇಲೆ ಜೋಡಿ ಜೋಡಿಯಾಗಿ ಜನ ನಿಂತಿದ್ದರು. ಯಾರಿಗೂ ಯಾರ ಪರಿಚಯವೂ ಇಲ್ಲ, ಎಲ್ಲರೂ ಪಕ್ಕದವರ ಕೈ ಹಿಡಿದುಕೊಂಡಿದ್ದರು. ನಾನು ಅಲ್ಲಿ ಅತ್ತ ಹಾಗೆ ನನ್ನ ತಾಯಿ ಹೋದಾಗಲೂ ಅತ್ತಿರಲಿಲ್ಲ. ಇನ್ನು ಆಟಿ ಆದ ಮೇಲೆ ಹೋಗಿ ಯಾರಿಗೆ ಹೇಳುವುದು? ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಈ ಆಟಿಯಲ್ಲಿ, ಒಳ್ಳೆಯ ದಿನ ನೋಡಿ, ಇವರು ಬೆಳಿಗ್ಗೆಯೇ ವಿಕ್ರೋಳಿಗೆ ಹೊರಟರು, ಮಗಳನ್ನು ಕರೆತರಲು. ಬೀಗರಿಗೆಂದು ಹಲಸಿನ ಹಪ್ಪಳದ ಕಟ್ಟು ಕೊಟ್ಟು ಕಳಿಸಿದೆ. ನಾನು ಮನೆಯಲ್ಲಿ ಪತ್ರೊಡೆಗೆ ಕೆಸುವಿನ ಎಲೆ ಸುತ್ತುತ್ತ ಕುಳಿತೆ. ಪರದೆಯ ಆಚೆ ಮಂಚದ ಮೇಲೆ ಹೊಸ ಚಾದರ ಹಾಸಿದ್ದೆ. ಹಾಸುವಾಗ ನನ್ನ ಮೇಲೆ ನನಗೇ ನಗು ಬಂದಿತ್ತು. ಹೊರಗೆ ಮಳೆ. ಹೊತ್ತು ಏರುತ್ತಿದ್ದ ಹಾಗೆ ಮನೆಯಲ್ಲಿ ಒಂದು ಥರ ಸದ್ದಡಗಿತು. ಫ್ರಿಜ್ಜಿನ ಗುಂಯ್‌ಗುಟ್ಟುವಿಕೆಯೂ ನಿಂತಿತು, ಕರೆಂಟು ಹೋಗಿರಬೇಕು. ಆಗ ಪರದೆಯ ಆಚೆಯಿಂದ ಕೇಳಿಸಿತು. ದೂರದಿಂದ ಬಂದು ದಣಿದು ಮಲಗಿದವರ ಉಸಿರು. ಏರುತ್ತದೆ, ಇಳಿಯುತ್ತದೆ. ಹಿಟ್ಟಿನ ಕೈ ಹಾಗೇ ಎತ್ತಿ ಹಿಡಿದು ಕುಳಿತೆ. ಭಯವಾಗಿ ಎದ್ದು ಓಡಬೇಕು ಎನಿಸುತ್ತಿತ್ತು. ಆದರೆ ಹೆತ್ತವಳಿಗೆ ತನ್ನ ಕೂಸಿನ ಉಸಿರು ಗೊತ್ತಾಗುವುದಿಲ್ಲವೇ? ನಾನು ಪರದೆ ಸರಿಸಲಿಲ್ಲ, ಕರೆಯಲಿಲ್ಲ. ಎಲೆ ಸುತ್ತುವುದನ್ನು ಮೆಲ್ಲಗೆ, ಸದ್ದಾಗದಂತೆ ಮುಂದುವರಿಸಿದೆ. ನನ್ನ ಜನ್ಮದಲ್ಲೇ ಅಷ್ಟು ಸುಖವಾದ ಬೆಳಗು ನನಗೆ ನೆನಪಿಲ್ಲ.

ಊಟದ ಹೊತ್ತಿಗೆ ಇವರು ಬಂದರು. ಪೂರಾ ನೆನೆದು ತೊಪ್ಪೆಯಾಗಿದ್ದರು. ಕೊಡೆ ಕೈಯಲ್ಲೇ ಇತ್ತು, ಬಿಚ್ಚಿರಲಿಲ್ಲ. ಬಾಗಿಲಲ್ಲೇ ಕುಸಿದು ಕುಳಿತು, “ಬರ್ಲಿಲ್ಲ ಮಾರಾಯ್ತಿ” ಎಂದರು. “ವಿಕ್ರೋಳಿಯಿಂದ ಇಲ್ಲಿವರೆಗೆ ಟ್ರೈನಲ್ಲಿ ಕರೀತಾ ಬಂದೆ. ಜನ ನೋಡಿ ನಗಾಡಿದ್ರು. ಒಂದು ಸಲ ಸಹ ‘ಓ’ ಹೇಳ್ಲಿಲ್ಲ. ಹೋಯ್ತು. ನಮ್ಮ ಮಗು ಹೋಯ್ತು.” ಹೇಳುತ್ತ ಹೇಳುತ್ತ ಅಳತೊಡಗಿದರು. ಇಪ್ಪತ್ತಮೂರು ವರ್ಷದಲ್ಲಿ ಈ ಮನುಷ್ಯ ನನ್ನೆದುರು ಅತ್ತದ್ದು ಅದೇ ಮೊದಲು.

ನಾನು ಹೋಗಿ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ಸೆರಗಿನಿಂದ ಅವರ ತಲೆ ಒರೆಸಿದೆ.

“ಮೆಲ್ಲಗೆ” ಎಂದೆ. “ಆಗಲೇ ಬಂದು ಮಲಗಿದ್ದಾಳೆ.”

ಅವರ ಅಳು ನಿಂತಿತು. ಪರದೆಯ ಕಡೆ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಪರದೆಯ ಕಡೆ. ಕಿವಿಗೊಟ್ಟು ಬಹಳ ಹೊತ್ತು ಕುಳಿತರು. ಅವರಿಗೆ ಏನೂ ಕೇಳಿಸಲಿಲ್ಲ ಎನ್ನುವುದು ನನಗೆ ತಿಳಿಯಿತು. ನನ್ನ ಹಿಟ್ಟಿನ ಕೈಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, ಗುಟ್ಟಿನಲ್ಲಿ ಕೇಳಿದರು:

“ಊಟ ಮಾಡಿದ್ಲಾ?”

“ಇಲ್ಲ” ಎಂದೆ. “ಪಪ್ಪ ಬರ್ಲಿ ಅಂತ ಹೇಳಿ ಮಲಗಿದ್ಲು.”